ಆಗಲಿ

ಹಾಲೇಶಪ್ಪನವರು ನಮ್ಮೂರ ದೊರೆ.
ಪಹಣಿಯಲ್ಲಿ ಮಾತ್ರ ಬರೀ ಇಪ್ಪತ್ತು ಗುಂಟೆ,
ಅದರಲ್ಲೂ ಮೂರು ಖರಾಬು.
ಮೂವತ್ತೊಂದು ವರ್ಷ ಸಾಗರ ಡಿಪೋದಲ್ಲಿ ಕಂಡಕ್ಟರು;
ಸೊರಬ–ಸಿರಸಿ ರೂಟಿನಲ್ಲಿ
ಚಿಲ್ಲರೆಗೆ ಜಗಳವಾಡದ ಒಬ್ಬನೇ ಮನುಷ್ಯ
ಎಂದು ಈಗಲೂ ಹೆಸರು.

ಆದರೂ ಸಂಕ್ರಾಂತಿ ಕಳೆದ ಮೊದಲ ಸೋಮವಾರ
ಟ್ರಂಕಿನಿಂದ ಜರಿಪೇಟ ಹೊರಬರುತ್ತದೆ
ನುಸಿಗುಳಿಗೆಯ ವಾಸನೆ ಸಮೇತ.
ಕೆರೆ ಏರಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ,
ಕುರ್ಚಿಯ ಮೇಲೆ ಕಂಬಳಿ, ಕಂಬಳಿಯ ಮೇಲೆ ದೊರೆ.
ಊರು ಕೇಳುತ್ತದೆ: ತೂಬು ಎತ್ತೋಣವೇ?
ದೊರೆ ಹೇಳಬೇಕು: ಆಗಲಿ.

ಮೂರಕ್ಷರದ ರಾಜ್ಯ.
ಅದರಾಚೆ ಒಂದಂಗುಲವೂ ಅವರದಲ್ಲ.

ಎಷ್ಟು ಗೇಣು ಎತ್ತಬೇಕು,
ಮೇಲ್ಗದ್ದೆಗೆ ಎಷ್ಟು ಹೊತ್ತು, ಕೆಳಗದ್ದೆಗೆ ಎಷ್ಟು,
ಎಲ್ಲ ಶುಕ್ರವಾರವೇ ಪಂಚಾಯ್ತಿಯಲ್ಲಿ ಮುಗಿದಿರುತ್ತದೆ.
ಕೈ ಎತ್ತಿದವರು ಹನ್ನೊಂದು, ಎತ್ತದವರು ಇಬ್ಬರು,
ಅಧ್ಯಕ್ಷೆ ನೇತ್ರಾವತಿಯ ಸಹಿ, ನನ್ನ ಸೀಲು.
ದೊರೆ ಓದುವ ನಾಲ್ಕು ಸಾಲನ್ನೂ ಬರೆಯುವವನು ನಾನೇ,
ಬಿಲ್ ಕಲೆಕ್ಟರು,
ನಲ್ಲಿ ಬಾಕಿ ಬರೆದ ಅದೇ ಪೆನ್ನಿನಲ್ಲಿ.
'ನನ್ನ ಪಂಚಾಯ್ತಿಯು ಈ ವರ್ಷ' ಎಂದು ಓದುತ್ತಾರೆ,
'ನನ್ನ' ಎನ್ನುವಾಗ ಪ್ರತಿ ಸಲವೂ
ಒಮ್ಮೆ ಕೆಮ್ಮುತ್ತಾರೆ.

ಏರಿ ಇಳಿಯುವಾಗ ಒಂದು ವರ್ಷ ಕೇಳಿಯೇಬಿಟ್ಟೆ:
ಬೇಡ ಅಂದರೆ ಏನಾಗತ್ತೆ ದೊರೆ?
ಎಲೆಗೆ ಸುಣ್ಣ ಹಚ್ಚುತ್ತ ನಕ್ಕರು.
'ಸ್ಟೇರಿಂಗು ಡ್ರೈವರಂದು, ಬ್ರೇಕು ಅವಂದು,
ರಸ್ತೆ ಸರ್ಕಾರದ್ದು. ನಂದು ಒಂದು ಸೀಟಿ.
ಆದರೂ ಸೀಟಿ ಕೇಳದೆ ಅವನು ಗೇರು ಹಾಕಲ್ಲ ನೋಡು.
ಹಿಂದಿನ ಬಾಗಿಲಲ್ಲಿ
ಒಂದು ಕಾಲು ಇನ್ನೂ ನೆಲದ ಮೇಲಿರೋ ಮುದುಕಿ
ಅವನ ಕನ್ನಡಿಗೆ ಕಾಣಲ್ಲ.'

ಅದಲ್ಲ, ಬೇಡ ಅಂದರೆ?

'ಒಂದು ಸಲ ಅನ್ನಬಹುದಪ್ಪ.
ಮಾರನೇ ದಿನ ಪೇಟಾನೂ ಇಲ್ಲ, ಸೀಟೀನೂ ಇಲ್ಲ.'

ಹೋದ ವರ್ಷ ನಾಲ್ಕು ಸಾಲು ಓದಿದರು,
ಕಾಗದ ಮಡಚಿದರು, ಜೇಬಿಗೆ ಹಾಕಿದರು.
ಸುಮ್ಮನಾದರು.

ನೀರಗಂಟಿ ಕೆರಿಯಪ್ಪನ ಕೈ ತೂಬಿನ ಚಕ್ರದ ಮೇಲೆ,
ಡೊಳ್ಳಿನವನ ಕೋಲು ಗಾಳಿಯಲ್ಲಿ.
ಯಾರದೋ ಮೊಬೈಲು ಕೂಗಿ ತಾನೇ ನಾಚಿ ನಿಂತಿತು.
ಕೈ ಎತ್ತದ ಇಬ್ಬರ ಮುಖದಲ್ಲಿ
ಹಬ್ಬ ಏರತೊಡಗಿತು.
'ದೊರೆಗೆ ಜೈ!' ಎಂದ ಒಬ್ಬ, ಹಿಂದಿನಿಂದ.
ಹಾಲೇಶಪ್ಪ ತಿರುಗಿ ನೋಡಿದ ನೋಟಕ್ಕೆ
ಎರಡನೇ ಜೈ ಗಂಟಲಲ್ಲೇ ಕೂತಿತು:
ಟಿಕೆಟ್ ಇಲ್ಲದವನನ್ನು ನೋಡುವ ಹಳೆಯ ನೋಟ.

ಆಮೇಲೆ ನೇತ್ರಾವತಿಯ ಕಡೆ ಬಾಗಿ,
ಕಾಗದ ಹಿಡಿದು ಪಕ್ಕ ನಿಂತ ನನಗಷ್ಟೇ ಕೇಳುವಂತೆ:
'ತೂಬಿನ ಎಡಕ್ಕೆ, ಏರಿಯ ಹೊರಮೈಲಿ ಜೊಂಡು ಹಸಿರಾಗಿದೆ.
ಒಣಗಿರಬೇಕಾದ ಜಾಗ ಅದು, ತಾಯಿ.
ನಾಳೆ ಒಂದು ಸಲ ನೋಡಿಸು.
ತೀರ್ಮಾನ ನಿಮ್ಮದು.'

ಅಲ್ಲಿಂದ ನೆಟ್ಟಗೆ ಕೂತು, ಊರಿಗೆಲ್ಲ ಕೇಳುವಂತೆ:
ಆಗಲಿ.

ಕೆರಿಯಪ್ಪ ನೇತ್ರಾವತಿಯನ್ನು ನೋಡಿದ.
ಎರಡು ಗೇಣಿನ ಠರಾವಿತ್ತು; ಅವಳ ಬೆರಳು ಅರ್ಧ ಎಂದಿತು.
ನೀರು ಮೊದಲು ಕೆಸರಾಗಿ, ಆಮೇಲೆ ನೀರಾಗಿ ಬಂತು.

ಮಂಗಳವಾರ ಬೆಳಿಗ್ಗೆ ಅಧ್ಯಕ್ಷೆ ಸೀರೆ ಎತ್ತಿ ಕಟ್ಟಿ,
ಕತ್ತಿ ಹಿಡಿದು, ಜೊಂಡಿನೊಳಗೆ ಇಳಿದಳು.
ಮೊಣಕಾಲ ತನಕ ಹೂತಳು.
ನಲವತ್ತು ಟ್ರ್ಯಾಕ್ಟರ್ ಮಣ್ಣು, ಹನ್ನೆರಡು ದಿನ ಕೆಲಸ.
ನಡಾವಳಿಯಲ್ಲಿ ಬರೆದೆ:
'ಅಧ್ಯಕ್ಷರ ಸೂಚನೆಯ ಮೇರೆಗೆ.'
ಸುಳ್ಳಲ್ಲ.
ದೊರೆಗೆ ತೋರಿಸಿದಾಗ ಕನ್ನಡಕ ಏರಿಸಿ
'ಮೇರೆಗೆ'ಯ ದೀರ್ಘ ಬಿಟ್ಟಿದ್ದೀಯ ಎಂದರು, ಅಷ್ಟೇ.

ಈ ವರ್ಷದ ನಾಲ್ಕು ಸಾಲು ಬರೆದಾಗಿದೆ.
ಅದರ ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟೆ, ಖಾಲಿ.
ಯಾವ ಕಾಯ್ದೆಯಲ್ಲೂ ಅದಿಲ್ಲ.
ನೇತ್ರಾವತಿ ನೋಡಿದಳು, ನನ್ನನ್ನೂ ನೋಡಿದಳು,
ಪೆನ್ನಿನ ಮುಚ್ಚಳ ತೆಗೆದು
ಆ ಖಾಲಿ ಜಾಗದ ಕೆಳಗೆ
ಸಹಿ ಹಾಕಿದಳು.