ನಾಲ್ಕೋ ಐದೋ

ಅಲ್ ಧೈದ್‌ನ ಮೂರನೇ ಶೆಡ್ಡು. ಹೊರಗೆ ನಲವತ್ತೇಳು ಡಿಗ್ರಿ,
ಒಳಗೆ ಒದ್ದೆ ಪ್ಯಾಡು ಬೀಸುವ ಗಾಳಿ.
ಹಾಲೆಂಡಿನಿಂದ ವಿಮಾನದಲ್ಲಿ ಬಂದ ಕುಂಡಗಳ
ಕಪ್ಪು ಮಣ್ಣಲ್ಲಿ
ಟಿಕೇಟಿಲ್ಲದೆ ಬಂದವು ಇವೆರಡು.

ಎರಡೂ ಹಳದಿ. ಅರಿಶಿನ ಅಲ್ಲ,
ತಿಕ್ಕಿ ತೊಳೆದರೂ ಬಟ್ಟಲಂಚಿಗೆ ಉಳಿಯುತ್ತದಲ್ಲ, ಅದು.
ಒಂದು ಅಂಗಿಯ ಗುಂಡಿಯಷ್ಟು, ಇನ್ನೊಂದು ಕೋಟಿನದಷ್ಟು;
ಅಷ್ಟು ಹೆಚ್ಚುಕಮ್ಮಿ ಒಡಹುಟ್ಟಿದವರಲ್ಲೂ ಉಂಟು.

"ಗುಲಾಬಿಯ ಮನೆತನ" ಎಂದರು ಇಂಜಿನಿಯರ್ ರಾಇದಾ
ಭೂತಗನ್ನಡಿ ಕೊಡುತ್ತ.
ಮುಳ್ಳಿಲ್ಲ, ಪರಿಮಳವಿಲ್ಲ.
ತಾನು ನವಾಬರ ಪೈಕಿ ಎನ್ನುವ
ಮೆಸ್ಸಿನ ಅಡುಗೆಯವನನ್ನು ನಂಬಿದಷ್ಟೇ ನಂಬಿದೆ.

"ಎಸಳು ಎಣಿಸು. ನಾಲ್ಕಿದ್ದರೆ ಅದು, ಐದಿದ್ದರೆ ಇದು.
ಬರೆದುಕೊಂಡು ಕಿತ್ತುಬಿಡು. ಎರಡೂ ಕಳೆಯೇ."

ಎಣಿಸಿದೆ. ನಾಲ್ಕು. ನಾಲ್ಕು. ಐದು. ನಾಲ್ಕು.
ಮಧ್ಯಾಹ್ನದ ಹೊತ್ತಿಗೆ ಒಂದು ಗಿಡ ಸಿಕ್ಕಿತು:
ಒಂದು ಕವಲಲ್ಲಿ ನಾಲ್ಕು, ಇನ್ನೊಂದರಲ್ಲಿ ಐದು.
ಹಂಜಬ್ಬ ನಕ್ಕ: "ಹಾಜರಿ ಪುಸ್ತಕದಲ್ಲಿ ನಾನೂ ಹಾಗೇ,
ಒಂದು ಪುಟದಲ್ಲಿ ಹಂಜ, ಇನ್ನೊಂದರಲ್ಲಿ ಅಬ್ಬ."

ಆಮೇಲೆ ಎಸಳು ಬಿಟ್ಟು ಬುಡ ನೋಡಿದೆವು.

ಐದೆಸಳಿನದು ಹರಿಯುವ ಜಾತಿ.
ಗೆಣ್ಣು ನೆಲ ಮುಟ್ಟಿದಲ್ಲೆಲ್ಲ ಬೇರು,
ಕುಂಡದಂಚು ದಾಟಿ ಪ್ಲಾಸ್ಟಿಕ್ ಹಾಳೆಯ ತೂತಿಗೂ ಒಂದು.
ಎಳೆದರೆ ದಾರದ ಹಾಗೆ ಬಂತು, ಬರುತ್ತಲೇ ಇತ್ತು;
ಎಲ್ಲಿ ತುಂಡಾದರೂ ಅಲ್ಲಿಂದ ಅದಕ್ಕೆ ಬದುಕು.
ಸಲಾಲಾ, ದೋಹಾ, ಮನಾಮ, ಈಗ ಇಲ್ಲಿ,
ಹಂಜಬ್ಬನಿಗೆ ಎಲ್ಲ ಕಡೆಯೂ
ಒಬ್ಬ ಕ್ಷೌರಿಕ, ಒಂದು ಉದ್ರಿ ಖಾತೆ.

ನಾಲ್ಕೆಸಳಿನದು ಬರಲಿಲ್ಲ.
ಮೇಲೆ ನೂಲಿನಂಥ ಕಾಂಡ, ಎಲ್ಲೂ ಊರದೆ ಸುಮ್ಮನೆ ಒರಗಿದ್ದು.
ಕೆಳಗೆ ಶುಂಠಿಯಂಥ ಒಂದೇ ಗಡ್ಡೆ.
ಚೂರಿ ಹಾಕಿದರೆ ಮೊದಲು ಬಿಳಿ,
ನೋಡನೋಡುತ್ತ ಕೆಂಪು.
ನಾಲಗೆಗಿಟ್ಟೆ: ಕಾಚಿನ ಒಗರು.
ಬಾಯಿ ಹಿಡಿದುಕೊಂಡಿತು ಎಷ್ಟೆಂದರೆ
"ನೀನು ಯಾವುದು ಮಾರಾಯ?" ಎಂದು ಹಂಜಬ್ಬ ಕೇಳಿದ್ದಕ್ಕೆ
ಸಂಜೆವರೆಗೂ ಉತ್ತರ ಕೊಡಲಾಗಲಿಲ್ಲ.

ಕಪ್ಪು ಚೀಲ ಎರಡು ತುಂಬಿದವು. ಬಾಯಿ ಕಟ್ಟಿದೆವು.

ಫಾರಮ್ಮಿನಲ್ಲಿ ಹೆಸರಿಗೆಂದು ಒಂದು ಗೆರೆ.
ಲ್ಯಾಟಿನ್ ನನಗೆ ಬಾರದು,
ಅರಬ್ಬಿಯಲ್ಲಿ ಅವಕ್ಕೆ ಹೆಸರಿತ್ತೋ ಇಲ್ಲವೋ ಕೇಳಲಿಲ್ಲ.
ನಮ್ಮ ಅಂಕಿಯಲ್ಲೇ ಬರೆದೆ: ೪, ೫.

ರಾಇದಾ ಬಗ್ಗಿ ನೋಡಿದರು.
"ಎರಡೂ ಒಂದೇ ಥರ ಕಾಣುತ್ತಲ್ಲ?"

ಭೂತಗನ್ನಡಿ ಅವರ ಕೈಗೇ ವಾಪಸು ಕೊಟ್ಟೆ.