ಪುಟ ಹದಿನೇಳು

ಮೂವತ್ತೊಂದು ವರ್ಷ ಗ್ರಿಮ್ಸ್‌ಬಿಯ ಧಕ್ಕೆಯಲ್ಲಿ
ಹ್ಯಾಡಕ್ ಮೀನಿನ ಹರಾಜು ಕೂಗಿದ ಗಂಟಲು ಇದು.
ಬೆಳಗಿನ ಜಾವ, ಮಂಜುಗಡ್ಡೆಯ ಪುಡಿ ತುಳಿಯುತ್ತ,
ಪೆಟ್ಟಿಗೆ ಸಾಲಿನ ಆಚೆ ತುದಿಗೂ ಕೇಳುವ ಹಾಗೆ.
ಈಗ ಕೋರ್ಟಿನಲ್ಲಿ ನನಗೆ ವಹಿಸಿದ ಕೆಲಸ
ಬಾಯಿ ಮುಚ್ಚಿಕೊಂಡಿರುವುದು.

ನಿಯಮ ಇಷ್ಟೇ: ವಕೀಲರಿಲ್ಲದವರ ಪಕ್ಕ
ಕೂರಬಹುದು, ಬರೆದುಕೊಳ್ಳಬಹುದು, ಪಿಸುಗುಡಬಹುದು.
ಜಡ್ಜ್ ಕಡೆ ತಿರುಗಿ ಒಂದು ಮಾತೂ ಆಡಕೂಡದು.
ಸಂಬಳವಿಲ್ಲ. ಬಸ್ ಚಾರ್ಜು ಕೊಡುತ್ತಾರೆ,
ಚೀಟಿ ಕಳೆಯದಿದ್ದರೆ.

ಇಲ್ಜೆ ಬಂದದ್ದು ಮೀನು ಕೊಯ್ಯುವ ಪಾಳಿ ಮುಗಿಸಿ,
ಅಂಗಡಿಯ ಕೈಚೀಲದಲ್ಲಿ ಕಾಗದ ತುರುಕಿಕೊಂಡು.
ಒಡೆಯದ ಲಕೋಟೆ ಐದು.
ಒಡೆಯದಿದ್ದರೆ ಬಂದಿಲ್ಲವೆಂದೇ ಲೆಕ್ಕ ಅಂದುಕೊಂಡೆ, ಅಂದಳು.
ನಾನು ಬೈಯಲಿಲ್ಲ.
ನನ್ನ ಮನೆಯ ಡ್ರಾದಲ್ಲೂ ಒಂದು ಕಾಲಕ್ಕೆ ಅಂಥವಿದ್ದವು,
ಮಗಳನ್ನು ತಿಂಗಳಿಗೊಮ್ಮೆ ನೋಡಲು ಬಿಟ್ಟ ಆದೇಶದವರೆಗೂ.
ಅವತ್ತು ನನ್ನ ಪಕ್ಕದ ಕುರ್ಚಿ ಖಾಲಿಯಿತ್ತು.
ಎಲ್ಲಕ್ಕೂ ಹೂಂ ಅಂದು ಬಂದಿದ್ದೆ.

ಲೈಬ್ರರಿಯ ಮೇಜಿನ ಮೇಲೆ ಹರವಿದೆವು.
ತಾರೀಖಿನ ಪ್ರಕಾರ ಜೋಡಿಸು, ಬಲಗಡೆ ಕೆಳಮೂಲೆಗೆ ನಂಬರು,
ಮೂರು ಪ್ರತಿ: ಜಡ್ಜ್‌ಗೊಂದು, ಮನೆ ಮಾಲೀಕನಿಗೊಂದು, ನಿನಗೊಂದು.
ಅವಳಿಗೋ ಮೊದಲಿನಿಂದ ಹೇಳಬೇಕು:
ಲಿಯೆಪಾಯಾದಲ್ಲಿ ಸತ್ತ ಅಮ್ಮ, ಹಡಗು, ಬಿಟ್ಟುಹೋದ ರೈವಿಸ್.
ಬೇಡ, ಅಂದೆ. ಗೋಡೆ ಒದ್ದೆಯಾದ ದಿನದಿಂದ ಶುರು ಮಾಡು.
'ಅದು ನನ್ನ ಕತೆಯಲ್ಲ, ಗೋಡೆಯ ಕತೆ.'
ಕೋರ್ಟಿಗೆ ಗೋಡೆಯದ್ದೇ ಸಾಕು, ಅಂದುಬಿಟ್ಟೆ.
ಹೇಳಿದ ಮೇಲೆ ನಾಲಗೆಯೆಲ್ಲ ಕಹಿ.

ಮಾತು ಬಲ್ಲವರಿಗೆ ಜಗಳವಿಲ್ಲವಂತೆ.
ಆ ಕಾರಿಡಾರಿನ ಬೆಂಚುಗಳ ಮೇಲೆ
ಜಗಳ ಆಗಲೇ ಬಂದು ಕೂತಿರುತ್ತದೆ,
ಮಾತು ಇನ್ನೂ ದಾರಿಯಲ್ಲಿರುತ್ತದೆ.

ಮಾಲೀಕನ ವಕೀಲ, ಎಳೆಯ ಹುಡುಗ, ಶೂ ಹೊಸದು,
ಬಾಡಿಗೆ ಬಾಕಿಯನ್ನು ಪೆನ್ನಿ ಸಮೇತ ಒಪ್ಪಿಸಿದ
ಮಗ್ಗಿ ಒಪ್ಪಿಸಿದ ಹಾಗೆ. ತಪ್ಪಿರಲಿಲ್ಲ ಅದರಲ್ಲಿ.
ಜಡ್ಜ್ ಕನ್ನಡಕ ತೆಗೆದು ಕೇಳಿದರು,
ನವೆಂಬರಿನಿಂದ ಯಾಕೆ ಕಟ್ಟಲಿಲ್ಲ?

ಇಲ್ಜೆ ನನ್ನ ಮುಖ ನೋಡಿದಳು.
ಉತ್ತರ ನನ್ನ ಗಂಟಲಿಗೆ ಬಂದು ನಿಂತಿತು,
ಹರಾಜಿನ ದಿನಗಳ ಅದೇ ಜಾಗಕ್ಕೆ, ಅದೇ ಜೋರಿಗೆ.
ನುಂಗಿದೆ.
ಮೇಜಿನ ಕೆಳಗೆ ಮಂಡಿ ನಡುಗಿತು, ನನ್ನದು.
ಹದಿನೇಳು, ಎಂದು ಪಿಸುಗುಟ್ಟಿ ಬೆರಳಿಟ್ಟೆ.

ಅವಳು ಹಾಳೆ ನೋಡಲಿಲ್ಲ. ಎದ್ದು ನಿಂತಳು, ನಿಲ್ಲಬೇಕಿರಲಿಲ್ಲ.
ಹತ್ತು ಸಲ ಕಲಿತ ವಾಕ್ಯ ಬಿಟ್ಟು
ತನ್ನ ಮುರುಕು ಇಂಗ್ಲಿಷಿನಲ್ಲಿ:
'ಗೋಡೆ ಕಪ್ಪು. ರಾತ್ರಿ ಮಗ ಉಸಿರು ತೆಗೆದರೆ ಕೆಟಲ್ ಶಬ್ದ.
ಒಂಬತ್ತು ಸಲ ಫೋನು. ಯಾರೂ ಇಲ್ಲ.
ಬಾಡಿಗೆ ದುಡ್ಡು ಹೀಟರಿಗೆ ಕೊಟ್ಟೆ, ಕರೆಂಟಿಗೆ ಕೊಟ್ಟೆ.
ಕದ್ದಿಲ್ಲ.'
ಆಮೇಲೆ, ಒಲೆ ಆರಿಸಿದೆನಾ ಎಂದು ನೆನೆದವಳ ಹಾಗೆ:
'ಪುಟ ಹದಿನೇಳು, ಜಡ್ಜ್. ದಯವಿಟ್ಟು.'

ಜಡ್ಜ್ ಹಾಳೆ ಮಗುಚಿದರು.
ಹೊಸ ಶೂಗಳ ಹುಡುಗನೂ ಮಗುಚಿದ.
ಮೂರು ಪ್ರತಿ ಒಂದೇ ಪುಟಕ್ಕೆ ತೆರೆದುಕೊಂಡ
ಆ ಸದ್ದಿಗಾಗಿಯೇ ನಾನು ಬಸ್ಸು ಹತ್ತುವುದು.

ಗೆದ್ದಳೇ? ಇಲ್ಲ. ಆರು ವಾರದ ವಾಯಿದೆ,
ಗೋಡೆ ನೋಡಲು ಯಾರನ್ನಾದರೂ ಕಳಿಸತಕ್ಕದ್ದು ಎಂದು ಆಜ್ಞೆ.
ಬಾಕಿ ಬಾಕಿಯಾಗಿಯೇ ಉಳಿಯಿತು.

ಹೊರಗೆ ಮೆಟ್ಟಿಲ ಮೇಲೆ ಕಡಲ ಗಾಳಿ.
'ಸರಿಯಾಗಿ ಹೇಳಿದೆನಾ, ಮಿಸ್ಟರ್ ಬ್ರಾಕಲ್ಸ್‌ಬಿ?'
ಇಲ್ಲಿ ಮಾತಾಡಬಹುದಿತ್ತು, ಎಷ್ಟು ಜೋರಾಗಿ ಬೇಕಾದರೂ.
ಗಂಟಲು ಕಟ್ಟಿತ್ತು.
ಬಸ್ ಚೀಟಿಗೆಂದು ಜೇಬು ತಡಕಿದೆ, ಸುಮ್ಮನೆ.
ಅವಳು ಚೀಲದಿಂದ ಬೆಳಿಗ್ಗೆ ಬಂದ ಲಕೋಟೆ ತೆಗೆದು,
ಅಂಚಿಗೆ ಹೆಬ್ಬೆರಳು ತೂರಿಸಿ,
ನಿಂತಲ್ಲೇ ಹರಿದಳು.