ಒಂದು ವರ್ಷ, ಮೇಲೊಂದು ದಿನ

ಹಗ್ಗ ನಾನೇ ತಂದಿದ್ದೆ. ರೇಷ್ಮೆ ಪಟ್ಟಿ ಬೇಡವೆಂದಿದ್ದಳು ಇಂಗಾ.
ಏಡಿಬುಟ್ಟಿಯ ಹಳೆ ಹಗ್ಗ, ಎರಡು ತುಂಡು;
ಎರಡು ರಾತ್ರಿ ಸಿಹಿನೀರಲ್ಲಿ ನೆನೆಸಿದರೂ
ಉಪ್ಪು ಬಿಟ್ಟಿರಲಿಲ್ಲ.

ವೆಸ್ಟ್ರೇ ದ್ವೀಪದ ಬಡಗಣ ಮೂಲೆ. ಜೂನ್ ಹೌದು,
ಗಾಳಿಗೆ ಮಾತ್ರ ತಿಂಗಳ ಲೆಕ್ಕವಿಲ್ಲ.
ಪಾದ್ರಿಯಿಲ್ಲ, ಗಂಟೆಯಿಲ್ಲ. ನಿಂತ ಕಲ್ಲು ಒಂದು,
ನಿಂತ ಜನ ಹದಿನಾಲ್ಕು,
ಬೇಲಿಯಾಚೆ ಮೇಯುವುದ ಮರೆತ ಕುರಿಗಳು.

"ಬಲಗೈ ಬಲಗೈಗೆ, ಎಡಗೈ ಎಡಗೈಗೆ," ಎಂದೆ.
ಅಡ್ಡಡ್ಡ ಹಿಡಿದರು. ಯಾವ ಕೈ ಯಾರದೆಂದು
ಮೊದಲಿಗೆ ತಿಳಿಯದು, ಆಮೇಲೆ ತಿಳಿಯುತ್ತದೆ:
ಅವಳ ಹೆಬ್ಬೆರಳಲ್ಲಿ ಮೀನು ಸೀಳುವ ಚೂರಿಯ ಗಾಯ,
ಡೇವಿಯ ಉಗುರಲ್ಲಿ ಎಂಜಿನ್ ಎಣ್ಣೆ,
ಎಷ್ಟು ಉಜ್ಜಿದ್ದನೋ ಪಾಪ.

ಸುತ್ತಿದೆ.

ಹಳಬರು ಹೇಳುತ್ತಿದ್ದರು: ಹೀಗೆ ಕೈಕಟ್ಟಿದವರು
ಒಂದು ವರ್ಷ, ಮೇಲೊಂದು ದಿನ ಕೂಡಿ ಬಾಳಿ ನೋಡಬಹುದು.
ಹಿಡಿಸಿದರೆ ಉಂಟು; ಇಲ್ಲವೇ ಅದೇ ಕಲ್ಲಿಗೆ ಬಂದು
ಬೆನ್ನಿಗೆ ಬೆನ್ನು ಮಾಡಿ ನಡೆದರಾಯಿತು.
ನಿಜವೋ ಕತೆಯೋ, ಓದಿದವರು ಜಗಳವಾಡಲಿ.
ನಾನು ಬಾಳಿದ್ದೇನೆ ಆ ಕತೆಯಲ್ಲಿ.

ಎರ್ಲೆಂಡ್. ಒಳ್ಳೆಯವ. ಇಷ್ಟೇ ಅವನ ಮೇಲಿನ ದೂರು.
ವರ್ಷವಿಡೀ ನಮ್ಮ ಮನೆಯಲ್ಲಿ
ಒಂದು ತಟ್ಟೆ ಒಡೆಯಲಿಲ್ಲ, ಒಂದು ಮಾತೂ ಒಡೆಯಲಿಲ್ಲ.
ವರ್ಷ ಸಂಪ್ರದಾಯದ್ದು; ಆ ಒಂದು ದಿನ ನಮ್ಮದು.
ಬೆಳಗ್ಗೆ ಓಟ್ಸ್ ಗಂಜಿ ಕಲಕುತ್ತ ಕೇಳಿದ, "ಇರುತ್ತೀಯಾ?"
ಗಂಜಿ ತಳಹಿಡಿಯುವವರೆಗೂ ಉತ್ತರ ಹುಡುಕಿದೆ.

ನನ್ನ ಪೆಟ್ಟಿಗೆ ಹೊತ್ತು ದೋಣಿಕಟ್ಟೆಯವರೆಗೆ ಬಂದ.
ಕೈಬಿಟ್ಟಳು, ಎಂದಿತು ಊರು.
ಬಿಡಲಿಲ್ಲ, ಬಿಚ್ಚಿದೆವು, ಇಬ್ಬರೂ ಕೂತು.
ಬಿಡುವುದಕ್ಕೂ ಬಿಚ್ಚುವುದಕ್ಕೂ ನಡುವೆ ಎಷ್ಟು ಕಡಲಿದೆ
ಬಲೆ ಹೆಣೆದವರನ್ನು ಕೇಳಿ.

"ಅಲ್ಲ, ನಿನ್ನನ್ನೇ ಯಾಕೆ ಕರೆದರು?"
ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೇಳಿದ್ದಳು ಇಂಗಾಳ ಸೋದರತ್ತೆ,
ಹತ್ತಿರ ಯಾರೂ ಇಲ್ಲದಾಗ. ಟೀ ಕುಡಿದೆ, ಸುಮ್ಮನಿದ್ದೆ.
ಉತ್ತರ ಬೆರಳಿಗೆ ಗೊತ್ತಿತ್ತು:
ಇದು ಅದರ ಮೈಗೆ, ಅದು ಇದರ ಮೈಗೆ, ಒಂದೊಂದು ಗಂಟು.
ಸಡಿಲವಿದ್ದಾಗ ಜಾರಿ ದೂರ ನಿಲ್ಲುತ್ತವೆ;
ಎಳೆತ ಬಿದ್ದಾಗ ಓಡಿಬಂದು ಹೆಗಲು ಕೊಡುತ್ತವೆ.
ಕಗ್ಗಂಟಲ್ಲ. ಬೆಸ್ತರ ಗಂಟು.

"ಈಗ ಕೈ ಜಾರಿಸಿ ಹೊರಗೆ. ಮೆಲ್ಲಗೆ."
ಡೇವಿಯ ಗೆಣ್ಣು ಸಿಕ್ಕಿಕೊಂಡಿತು, ಎಲ್ಲರೂ ನಕ್ಕರು.
ನಾಲ್ಕು ಕೈಗೂ ಬಿಡುಗಡೆ. ಗಂಟು ಮಾತ್ರ ಹಾಗೇ ಉಳಿಯಿತು,
ಅವರ ಕೈಯಳತೆಯ ಖಾಲಿ ಜಾಗವನ್ನು
ಗಾಳಿಯಲ್ಲಿ ಹಿಡಿದುಕೊಂಡು.

ಇಂಗಾ ಅದನ್ನು ಕೋಟಿನ ಕಿಸೆಗಿಳಿಸಿದಳು.
ನನ್ನದು ಬಿಸ್ಕತ್ತಿನ ಡಬ್ಬಿಯಲ್ಲಿದೆ, ಹಳೆ ಗುಂಡಿಗಳ ಜೊತೆ.
ಬಿಚ್ಚಿ ನಲವತ್ತೊಂದು ವರ್ಷ.
ಗಂಟಿದ್ದ ಕಡೆ ಹಗ್ಗ ಇನ್ನೂ ಡೊಂಕು.